ನಲ್ಲೂರು ಹುಣಸೆ ತೋಪು: ವರ್ಷವಿಡೀ ನಡೆಯೋದು, ನೋಡೋದು, ಫೋಟೋ ತೆಗೆಯೋದು ಹೇಗೆ

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಹಳೆಯದೊಂದು ಹುಣಸೆ ತೋಪಿದೆ. ಸುಮಾರು 54 ಎಕರೆ ಜಾಗ, ಹತ್ತಿರ ಹತ್ತಿರ 300 ಮರ. 2007ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿದರು. ಇಡೀ ದೇಶದಲ್ಲಿ ಆ ಮನ್ನಣೆ ಸಿಕ್ಕ ಮೊದಲ ಜಾಗ ಇದು. ಬೆಂಗಳೂರಿನಿಂದ ಸುಮಾರು 45 ಕಿಲೋಮೀಟರ್ ಅಷ್ಟೇ. ಬೆಳಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸ್ ಬರಬಹುದು.

ಆದರೆ ಬಂದವರು ಹೆಚ್ಚಾಗಿ ಒಂದೇ ಸಲ ಬರುತ್ತಾರೆ. ದೊಡ್ಡ ಮರದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಹೊರಡುತ್ತಾರೆ. ಮನೆಗೆ ಹೋಗಿ ನೋಡಿದರೆ ಎಲ್ಲ ಮರವೂ ಒಂದೇ ಥರ ಕಾಣುತ್ತೆ. ಹುಣಸೆ ಮರ ಮುತ್ತುಗದ ಹಾಗೆ ಒಂದೇ ವಾರದಲ್ಲಿ ಕೆಂಪಾಗಿ ನಿಲ್ಲುವುದಿಲ್ಲ. ಅದರ ಬದಲಾವಣೆ ಸಣ್ಣದು, ನಿಧಾನದ್ದು. ಅದನ್ನು ನೋಡಬೇಕು ಅಂದರೆ ಅದೇ ಮರದ ಮುಂದೆ, ಅದೇ ಜಾಗದಲ್ಲಿ, ಬೇರೆ ಬೇರೆ ತಿಂಗಳಲ್ಲಿ ನಿಲ್ಲಬೇಕು. ನಾನು ಇಲ್ಲಿ ಹೇಳುವ ಎಲ್ಲ ಹೆಜ್ಜೆಯ ಹಿಂದೆ ಇರುವುದು ಇಷ್ಟೇ: ಜಾಸ್ತಿ ಜಾಗ ಸುತ್ತಬೇಡಿ, ಒಂದೇ ಜಾಗಕ್ಕೆ ಜಾಸ್ತಿ ಸಲ ಬನ್ನಿ.

ನಲ್ಲೂರು ದೂರ ಆಗುತ್ತೆ ಅನ್ನುವವರು ತಮ್ಮೂರಿನ ಗುಂಡುತೋಪನ್ನೇ ಹಿಡಿಯಬಹುದು. ಹಳೇ ಮೈಸೂರಿನ ಬಹಳ ಹಳ್ಳಿಗಳಲ್ಲಿ ಮಾವು, ಹೊಂಗೆ, ನೇರಳೆ ಇರುವ ಗುಂಡುತೋಪು ಇನ್ನೂ ಉಳಿದಿದೆ. ಹತ್ತಿರದ ತೋಪೇ ಒಳ್ಳೆಯದು. ತಿಂಗಳಿಗೊಮ್ಮೆ ಹೋಗಲು ಆಗದ ಜಾಗ ಆರಿಸಿಕೊಂಡರೆ ಈ ಕೆಲಸ ನಡೆಯುವುದಿಲ್ಲ.

ಮೊದಲ ಸುತ್ತು ಕ್ಯಾಮೆರಾ ಇಲ್ಲದೆ

ಮೊದಲ ದಿನ ಸುಮ್ನೆ ನಡೆಯಿರಿ. ಫೋನು ಜೇಬಿನಲ್ಲೇ ಇರಲಿ. ತೋಪಿನ ಅಂಚು ಹಿಡಿದು ಒಂದು ಸುತ್ತು ಹಾಕಿ, ಆಮೇಲೆ ಮಧ್ಯೆ ಹೋಗಿ. ಎಲ್ಲಿ ಕಾಲುದಾರಿ ಇದೆ, ಕುರಿ ಮೇಕೆ ಎಲ್ಲಿ ಮೇಯುತ್ತವೆ, ಎಲ್ಲಿ ಲಂಟಾನ ಕಳೆ ಬೆಳೆದು ದಾರಿ ಮುಚ್ಚಿದೆ ನೋಡಿಕೊಳ್ಳಿ. ತೋಪಿನೊಳಗೆ ಹಳೆಯ ಕಲ್ಲಿನ ದೇವಸ್ಥಾನವೊಂದು ಪಾಳು ಬಿದ್ದಿದೆ. ಇಲ್ಲಿನ ಮರಗಳನ್ನು ಚೋಳರ ಕಾಲದಲ್ಲಿ ನೆಟ್ಟರು ಅಂತ ಊರಿನವರು ಹೇಳುತ್ತಾರೆ. ಕೆಲವು ಮರಕ್ಕೆ 400 ವರ್ಷ ದಾಟಿದೆ ಎಂಬ ಮಾತೂ ಇದೆ.

ವಯಸ್ಸಿನ ಲೆಕ್ಕ ಏನೇ ಇರಲಿ, ಬುಡ ನೋಡಿದರೆ ಗೊತ್ತಾಗುತ್ತೆ. ನಡುವಿನ ತಿರುಳು ಪೊಳ್ಳಾಗಿ ಹೋಗಿ ಸುತ್ತಲ ಚಿಪ್ಪು ಮಾತ್ರ ನಿಂತಿರುವ ಮರಗಳಿವೆ. ಮೂಲ ಕಾಂಡ ಸತ್ತು, ಅದೇ ಬೇರಿನಿಂದ ಹೊಸ ಕಾಂಡಗಳು ಎದ್ದು, ಅವೇ ಈಗ ದೊಡ್ಡ ಮರಗಳಾಗಿ ನಿಂತಿರುವುದೂ ಉಂಟು. ಒಂದು ಮರ ಎಲ್ಲಿ ಮುಗಿಯುತ್ತೆ, ಇನ್ನೊಂದು ಎಲ್ಲಿ ಶುರುವಾಗುತ್ತೆ ಅಂತ ಹೇಳುವುದೇ ಕಷ್ಟ. ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಅನ್ನುವ ಗಾದೆ ಇಲ್ಲಿ ಕಣ್ಣೆದುರಿಗೇ ಇದೆ. ಪೊಳ್ಳು ಬುಡದ ಮೇಲೆ ಕಾಯಿ ತುಂಬಿದ ಕೊಂಬೆ ತೂಗುತ್ತಿರುತ್ತದೆ.

ಮರ ಆರಿಸಿ, ನಿಲ್ಲುವ ಜಾಗ ಗೊತ್ತು ಮಾಡಿ

ನಾಲ್ಕೈದು ಮರ ಸಾಕು. ನನ್ನ ಸಲಹೆ ಹೀಗೆ. ಪೊಳ್ಳು ಬುಡದ್ದು ಒಂದು. ಬಯಲಿನಲ್ಲಿ ಒಂಟಿಯಾಗಿ, ಪೂರ್ತಿ ಕೊಡೆ ಕಾಣುವ ಹಾಗೆ ನಿಂತಿರುವುದು ಒಂದು. ಕೈಗೆ ಎಟುಕುವಷ್ಟು ಕೆಳಗೆ ಕೊಂಬೆ ಬಾಗಿರುವುದು ಒಂದು, ಯಾಕೆಂದರೆ ಹೂವು ಕಾಯಿಯ ಫೋಟೋ ಅಲ್ಲೇ ಸಿಗುವುದು. ಒಣಗುತ್ತಿರುವ ಮರವನ್ನೂ ಒಂದು ಸೇರಿಸಿಕೊಳ್ಳಿ. ಚೆಂದ ಇಲ್ಲ ಅಂತ ಅದನ್ನು ಬಿಡಬೇಡಿ. ನಾಳೆ ಈ ತೋಪಿನ ಬಗ್ಗೆ ಕಾಳಜಿ ಇರುವವರಿಗೆ ನಿಮ್ಮ ಫೋಟೋಗಳಲ್ಲಿ ಹೆಚ್ಚು ಬೇಕಾಗುವುದು ಅದೇ.

ಮರ ಆಯ್ತು. ಈಗ ನೀವು ನಿಲ್ಲುವ ಜಾಗ. ಹತ್ತಿರ ನಿಂತು ಫೋನಿನ ಅಗಲದ ಲೆನ್ಸ್‌ನಲ್ಲಿ ತೆಗೆದರೆ ಕಾಂಡ ಹಿಂದಕ್ಕೆ ವಾಲಿದ ಹಾಗೆ ಕಾಣುತ್ತೆ, ಬುಡ ಉಬ್ಬುತ್ತೆ, ಮೇಲಿನ ಕೊಂಬೆ ಚಿಕ್ಕದಾಗುತ್ತೆ. ಪೂರ್ತಿ ಮರ ಚೌಕಟ್ಟಿನಲ್ಲಿ ಬರುವಷ್ಟು ದೂರ ಹಿಂದೆ ಸರಿಯಿರಿ. ಫೋನಿನಲ್ಲಿ ಎರಡು ಪಟ್ಟಿನ ಲೆನ್ಸ್ ಇದ್ದರೆ ಇನ್ನೂ ಹಿಂದೆ ಸರಿದು ಅದನ್ನು ಬಳಸಿ. ಫೋನನ್ನು ಎದೆ ಮಟ್ಟದಲ್ಲಿ ನೆಟ್ಟಗೆ ಹಿಡಿಯಿರಿ, ಮೇಲಕ್ಕೆ ತಿರುಗಿಸಬೇಡಿ.

ಆ ಜಾಗ ಮತ್ತೆ ಸಿಗುವ ಹಾಗೆ ಗುರುತು ಮಾಡಿಕೊಳ್ಳುವುದು ಮುಖ್ಯ. ಮರಕ್ಕೆ ಬಣ್ಣ ಹಚ್ಚಬೇಡಿ, ಮೊಳೆ ಹೊಡೆಯಬೇಡಿ, ತೊಗಟೆ ಕೆತ್ತಬೇಡಿ. ಎರಡು ವಸ್ತು ಒಂದೇ ಗೆರೆಗೆ ಬರುವ ಜಾಗ ಹುಡುಕಿ. ಹತ್ತಿರದ ಬಂಡೆಯ ಮೂಲೆ ಮತ್ತು ದೂರದ ಮರದ ಕವಲು ಒಂದಕ್ಕೊಂದು ನೇರ ಬಂದಾಗ ನೀವು ಸರಿಯಾದ ಜಾಗದಲ್ಲಿದ್ದೀರಿ ಅಂತ ಅರ್ಥ. ಮೊದಲ ಫೋಟೋವನ್ನು ಫೋನಿನಲ್ಲೇ ಇಟ್ಟುಕೊಂಡಿರಿ. ಮುಂದಿನ ಸಲ ಅದನ್ನು ತೆರೆದು, ಪಕ್ಕದಲ್ಲಿ ಹಿಡಿದು ಹೋಲಿಸಿ. ಫೋನಿನ ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ಆಗುವುದರಿಂದ ಅದನ್ನೇ ನಂಬಿ ಕೂರಬೇಡಿ.

ಅದೇ ದಿನ ಕಾಂಡದ ಸುತ್ತಳತೆಯನ್ನೂ ತೆಗೆದುಕೊಳ್ಳಿ. ದಾರ ಸುತ್ತಿ, ಅದನ್ನು ದರ್ಜಿಯವರ ಟೇಪಿನಿಂದ ಅಳೆದರೆ ಸಾಕು. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಅಳೆಯುವುದು ವಾಡಿಕೆ. ಪೊಳ್ಳು ಬುಡದ ಮರದ ಒಳಗೆ ಮಾತ್ರ ಕೈ ಹಾಕಬೇಡಿ. ಹಾವು ಇರಬಹುದು, ಹಾಲಕ್ಕಿ ಅನ್ನುವ ಪುಟ್ಟ ಗೂಬೆ ಗೂಡು ಮಾಡಿರಬಹುದು.

ಬೆಳಕಿನ ಲೆಕ್ಕ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದೇ ಜಾಗದಲ್ಲಿ ನಿಲ್ಲುವವರಿಗೆ ಸೂರ್ಯ ಎಲ್ಲಿಂದ ಬರುತ್ತಾನೆ ಅನ್ನುವುದೇ ಎಲ್ಲ.

ನಮ್ಮ ಕಡೆ ಜೂನ್ ಮೊದಲಲ್ಲಿ ಸೂರ್ಯ ಬೆಳಗ್ಗೆ 5:55ರ ಹೊತ್ತಿಗೆ ಹುಟ್ಟಿದರೆ, ಜನವರಿ ಕೊನೆಯಲ್ಲಿ 6:45 ಆಗುತ್ತೆ. ಸಂಜೆ ಮುಳುಗುವುದು ನವೆಂಬರ್‌ನಲ್ಲಿ 5:50ರ ಸುಮಾರಿಗೆ, ಜುಲೈನಲ್ಲಿ 6:50ರ ಸುಮಾರಿಗೆ. ಹುಟ್ಟುವ ದಿಕ್ಕೂ ಬದಲಾಗುತ್ತೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಪೂರ್ವಕ್ಕಿಂತ ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಉಳಿದ ಆರು ತಿಂಗಳು ದಕ್ಷಿಣಕ್ಕೆ ಸರಿದು. ಹಾಗಾಗಿ ಕಾಂಡದ ಉತ್ತರದ ಮುಖಕ್ಕೆ ಬಿಸಿಲು ಬೀಳುವುದು ಬೇಸಿಗೆ, ಮಳೆಗಾಲದಲ್ಲಿ ಮಾತ್ರ. ಉತ್ತರದಲ್ಲಿ ನಿಂತು ಮರ ನೋಡುವ ಜಾಗ ಆರಿಸಿದ್ದರೆ, ಡಿಸೆಂಬರ್‌ನಲ್ಲಿ ಮರ ಕಪ್ಪಾಗಿ, ಬೆಳಕು ಹಿಂದಿನಿಂದ ಬಂದು ನಿಮ್ಮ ಕಣ್ಣಿಗೇ ಹೊಡೆಯುತ್ತೆ. ಅದೂ ಚೆಂದವೇ. ಎಲೆಯ ಅಂಚು ಹೊಳೆಯುತ್ತೆ. ಆದರೆ ತೊಗಟೆಯ ಗೆರೆ ಬೇಕು ಅನ್ನುವವರು ಪೂರ್ವ ಅಥವಾ ಪಶ್ಚಿಮದಲ್ಲಿ ಜಾಗ ಆರಿಸಿಕೊಳ್ಳಿ. ವರ್ಷವಿಡೀ ಬೆಳಗ್ಗೆ ಇಲ್ಲವೇ ಸಂಜೆ ಬೆಳಕು ಸಿಗುತ್ತೆ.

ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಮಧ್ಯಾಹ್ನ ಫೋಟೋ ತೆಗೆಯಬಾರದು ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ, ಆ ದಿನ ಮಾತ್ರ ಹೋಗಲೇಬೇಕು. ಮರದ ನೆರಳು ಅದರ ಬುಡದ ಸುತ್ತಲೇ ಬಿದ್ದಿರುತ್ತೆ. ಕೊಂಬೆ ಎಷ್ಟು ದೂರ ಚಾಚಿದೆ ಅಂತ ನೆಲದ ಮೇಲೆ ಬರೆದಿಟ್ಟ ಹಾಗೆ ಕಾಣುತ್ತೆ. ಹೆಜ್ಜೆಯಲ್ಲಿ ಅಳೆದು ಬರೆದುಕೊಳ್ಳಿ. ಆಗಸ್ಟ್‌ನಲ್ಲಿ ಮೋಡ ಇರುವ ಸಾಧ್ಯತೆ ಜಾಸ್ತಿ, ಏಪ್ರಿಲ್ ದಿನವನ್ನು ಬಿಡಬೇಡಿ.

ಮರದ ಕೆಳಗಿನಿಂದ ಮೇಲಕ್ಕೆ ತೆಗೆಯುವಾಗ ಆಕಾಶ ಬೆಳ್ಳಗೆ ಸುಟ್ಟ ಹಾಗೆ ಆಗುತ್ತೆ. ಫೋನಿನ ಪರದೆಯಲ್ಲಿ ಎಲೆಯ ಮೇಲೆ ಬೆರಳು ಒತ್ತಿ ಹಿಡಿಯಿರಿ. ಫೋಕಸ್ ಅಲ್ಲಿಗೇ ಲಾಕ್ ಆಗುತ್ತೆ. ಆಮೇಲೆ ಬೆರಳನ್ನು ಕೆಳಕ್ಕೆ ಎಳೆದು ಬೆಳಕು ಸ್ವಲ್ಪ ಕಮ್ಮಿ ಮಾಡಿ. ಕತ್ತಲಾದ ಭಾಗವನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಆಕಾಶ ಮತ್ತೆ ಬರುವುದಿಲ್ಲ.

ಯಾವ ಕಾಲಕ್ಕೆ ಏನು ನೋಡಬೇಕು

ಈ ತೋಪಿಗೆ ತಿಂಗಳ ಲೆಕ್ಕಕ್ಕಿಂತ ಮಳೆ ನಕ್ಷತ್ರದ ಲೆಕ್ಕ ಚೆನ್ನಾಗಿ ಹೊಂದುತ್ತೆ. ಸುತ್ತಲಿನ ರೈತರೂ ಹಾಗೇ ಮಾತಾಡುವುದು.

ಯುಗಾದಿಯ ಹೊತ್ತಿಗೆ ಚಿಗುರು. ಹುಣಸೆ ಪೂರ್ತಿ ಬೋಳಾಗುವುದು ಅಪರೂಪ. ಹಳೆ ಎಲೆ ತೆಳುವಾಗುತ್ತಾ ಬರುತ್ತೆ, ಅದರ ಮಧ್ಯೆಯೇ ಎಳೆ ಹಸಿರು ಬರುತ್ತೆ. ಕೆಲವು ಮರದ ಚಿಗುರಿಗೆ ನಸುಗೆಂಪು ಬಣ್ಣವೂ ಇರುತ್ತೆ. ಅಕ್ಕಪಕ್ಕದ ಎರಡು ಮರಗಳಲ್ಲಿ ಒಂದು ಚಿಗುರಿ, ಇನ್ನೊಂದು ಇನ್ನೂ ಹಳೆ ಎಲೆಯಲ್ಲೇ ಇರಬಹುದು. ಆ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಿರಿ. ಚಿಗುರಿನ ಫೋಟೋಗೆ ಬೆಳಕು ಎಲೆಯ ಹಿಂದಿನಿಂದ ಬರಬೇಕು. ಒಂದು ಎಲೆಯಲ್ಲಿ ಹತ್ತರಿಂದ ಇಪ್ಪತ್ತು ಜೋಡಿ ಕಿರಿದಾದ ಎಲೆಗಳು. ಹಿಂಬೆಳಕಿದ್ದರೆ ಒಂದೊಂದೂ ಬಿಡಿಯಾಗಿ ಕಾಣುತ್ತೆ. ಈ ಸಮಯದಲ್ಲಿ ಊರಿನ ಹೆಂಗಸರು ಚಿಗುರು ಕೀಳುವುದು ಕಂಡರೆ ಮಾತಾಡಿಸಿ. ಯಾವ ಮರದ ಚಿಗುರು ಸಾರಿಗೆ ಚೆನ್ನ ಅಂತ ಅವರಿಗೆ ಗೊತ್ತಿರುತ್ತೆ.

ಎಲೆ ತೆಳುವಾಗಿರುವ ಈ ದಿನಗಳಲ್ಲೇ ಬದನಿಕೆಯನ್ನೂ ನೋಡಿ. ಅದು ಮರದ ಮೇಲೆ ಬೆಳೆಯುವ ಪರಾವಲಂಬಿ ಗಿಡ. ಹುಣಸೆಯ ಸಣ್ಣ ಎಲೆಗಳ ಮಧ್ಯೆ ದಪ್ಪನೆಯ ದೊಡ್ಡ ಎಲೆಯ ಗುಂಪು ಕಂಡರೆ ಅದೇ. ಬದನಿಕೆ ಹಕ್ಕಿ ಅದರ ಹಣ್ಣು ತಿಂದು ಬೀಜವನ್ನು ಕೊಂಬೆಯಿಂದ ಕೊಂಬೆಗೆ ಹರಡುತ್ತೆ. ಆ ಪುಟ್ಟ ಹಕ್ಕಿಯ ಮೇಲೆ ಕೋಪ ಮಾಡಿಕೊಳ್ಳುವ ಹಾಗಿಲ್ಲ. ಆದರೆ ಬದನಿಕೆ ಜಾಸ್ತಿಯಾದರೆ ಹಳೆ ಮರ ಸೊರಗುತ್ತೆ. ಪ್ರತಿವರ್ಷ ಇದೇ ಸಮಯಕ್ಕೆ ಅದೇ ಕೊಂಬೆಯ ಫೋಟೋ ತೆಗೆದರೆ ಎಷ್ಟು ಹರಡಿದೆ ಅಂತ ಸ್ಪಷ್ಟವಾಗಿ ಗೊತ್ತಾಗುತ್ತೆ.

ಭರಣಿ, ಕೃತ್ತಿಕೆ ಮಳೆಯ ಹೊತ್ತು, ಅಂದರೆ ಏಪ್ರಿಲ್ ಕೊನೆಯಿಂದ ಮೇ ತಿಂಗಳು, ಗುಡುಗು ಸಿಡಿಲಿನ ಕಾಲ. ಮೋಡ ಕಟ್ಟಿದ ಆಕಾಶದ ಎದುರು ಬಿಸಿಲು ಬಿದ್ದ ಮರ ತುಂಬಾ ಚೆಂದ ಕಾಣುತ್ತೆ. ಆದರೆ ಗುಡುಗು ಕೇಳಿದ ಕೂಡಲೇ ತೋಪಿನಿಂದ ಹೊರಡಿ. ಮರದ ಕೆಳಗೆ ಆಸರೆ ಪಡೆಯಬೇಡಿ. ಸಿಡಿಲಷ್ಟೇ ಅಲ್ಲ, ಗಾಳಿಗೆ ಪೊಳ್ಳು ಕೊಂಬೆಗಳು ಮುರಿದು ಬೀಳುತ್ತವೆ. ಮಾರನೇ ದಿನ ಬೆಳಗ್ಗೆ ಬನ್ನಿ. ಒದ್ದೆಯಾದ ತೊಗಟೆ ಮೊಸಳೆ ಬೆನ್ನಿನ ಹಾಗೆ ಕಪ್ಪಾಗಿ, ಬಿರುಕುಗಳೆಲ್ಲ ಎದ್ದು ಕಾಣುತ್ತೆ. ಬುಡದ ಫೋಟೋಗೆ ವರ್ಷದಲ್ಲಿ ಅದಕ್ಕಿಂತ ಒಳ್ಳೆ ದಿನ ಇಲ್ಲ.

ರೋಹಿಣಿಯಿಂದ ಆರಿದ್ರೆವರೆಗೆ, ಮೇ ಕೊನೆಯಿಂದ ಜುಲೈ ಮೊದಲವರೆಗೆ ಹೂವು. ಇದನ್ನು ಎಷ್ಟೋ ಜನ ನೋಡೇ ಇರುವುದಿಲ್ಲ. ಹೂವು ಒಂದು ಅಂಗುಲದಷ್ಟು ಅಗಲ. ಮಾಸಲು ಹಳದಿ ಎಸಳು, ಅದರ ಮೇಲೆ ಕೆಂಪು ಗೆರೆಗಳು. ಮೊಗ್ಗು ಗುಲಾಬಿ ಕೆಂಪು. ದೂರದಿಂದ ಏನೂ ಕಾಣುವುದಿಲ್ಲ, ಮರದ ಬಣ್ಣ ಸ್ವಲ್ಪ ಮಾಸಿದ ಹಾಗೆ ಅನ್ನಿಸುತ್ತೆ ಅಷ್ಟೇ. ನೀವು ಆರಿಸಿದ ಆ ಬಾಗಿದ ಕೊಂಬೆಯ ಹತ್ತಿರ ಹೋಗಿ. ಗಾಳಿ ಏಳುವ ಮೊದಲು, ಬೆಳಗ್ಗೆ ಬೇಗ. ತುಂಬಾ ಹತ್ತಿರ ಹೋದರೆ ಫೋನು ಫೋಕಸ್ ಮಾಡುವುದಿಲ್ಲ. ಒಂದು ಗೇಣು ಹಿಂದೆ ಸರಿದು, ಎರಡು ಪಟ್ಟು ಜೂಮ್ ಮಾಡಿ. ಹೂವಿನ ಹಿಂದೆ ಕತ್ತಲ ಕಾಂಡ ಬರುವ ಹಾಗೆ ನಿಂತರೆ ಆ ಕೆಂಪು ಗೆರೆ ಎದ್ದು ನಿಲ್ಲುತ್ತೆ. ಕ್ಯಾಮೆರಾ ಇರುವವರು ಷಟರ್ ವೇಗ 1/250 ಸೆಕೆಂಡಿಗಿಂತ ನಿಧಾನ ಆಗದ ಹಾಗೆ ನೋಡಿಕೊಳ್ಳಿ. ಕೊಂಬೆಯನ್ನು ಎಳೆದು ಹಿಡಿಯಬೇಡಿ, ಹೂವು ಸುಲಭವಾಗಿ ಉದುರುತ್ತೆ. ಉದುರಿದ ಒಂದೊಂದು ಹೂವಿನಲ್ಲೂ ಒಂದು ಕಾಯಿ ಹೋಯ್ತು ಅಂತ ಲೆಕ್ಕ. ಜೇನುನೊಣ ಜಾಸ್ತಿ ಇರುವ ಸಮಯ ಇದು. ಎತ್ತರದ ಕೊಂಬೆಯಲ್ಲಿ ಹೆಜ್ಜೇನು ಕಟ್ಟಿದ್ದರೆ ಆ ಮರದ ಕಡೆ ಹೋಗಲೇಬೇಡಿ.

ಪುನರ್ವಸುವಿನಿಂದ ಮಖೆವರೆಗೆ ಜುಲೈ, ಆಗಸ್ಟ್. ಜಿಟಿಜಿಟಿ ಮಳೆ, ಮೋಡ. ಫೋಟೋಗೆ ದೊಡ್ಡ ನೋಟ ಕಮ್ಮಿ. ಸಣ್ಣದು ನೋಡಿ: ತೊಗಟೆ ಮೇಲಿನ ಪಾಚಿ, ಬಿದ್ದ ಕೊಂಬೆಯ ಅಣಬೆ, ಎಳೆ ಕಾಯಿ. ಹುಲ್ಲು, ಕಾಂಗ್ರೆಸ್ ಗಿಡ ಮೊಣಕಾಲಿಗೆ ಬಂದಿರುತ್ತೆ. ಉದ್ದ ಪ್ಯಾಂಟು, ಮುಚ್ಚಿದ ಬೂಟು ಬೇಕೇ ಬೇಕು. ಹೆಜ್ಜೆ ಇಡುವ ಮೊದಲು ಕೋಲಿನಿಂದ ಹುಲ್ಲು ಅಲುಗಿಸಿ.

ಉತ್ತರೆ, ಹಸ್ತ, ಚಿತ್ತೆ. ಈ ಭಾಗಕ್ಕೆ ಒಳ್ಳೆ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ. ತೋಪು ವರ್ಷದಲ್ಲೇ ಅತಿ ದಟ್ಟ ಹಸಿರಾಗಿರುತ್ತೆ, ಸುತ್ತ ರಾಗಿ ಹೊಲವೂ ಹಸಿರು. ಪೂರ್ತಿ ಮರದ ಫೋಟೋವನ್ನು ಈಗ ತೆಗೆಯಿರಿ. ಇದೇ ನಿಮ್ಮ ಅಳತೆಗೋಲು. ಈ ದಿನಗಳಲ್ಲೂ ಯಾವ ಕೊಂಬೆ ಬೋಳಾಗಿದೆಯೋ ಅದು ನಿಜವಾಗಿ ಒಣಗಿದೆ. ಬೇಸಿಗೆಯಲ್ಲಿ ನೋಡಿ ಒಣಗಿದೆ ಅಂದುಕೊಂಡರೆ ತಪ್ಪಾಗಬಹುದು.

ನವೆಂಬರ್ ಕೊನೆಯಿಂದ ಜನವರಿಯವರೆಗೆ ಮಂಜು. ದೇವನಹಳ್ಳಿ ಕಡೆ ಈ ತಿಂಗಳುಗಳಲ್ಲಿ ದಟ್ಟ ಮಂಜು ಕವಿದು ವಿಮಾನಗಳೇ ತಡವಾಗುವ ಬೆಳಗುಗಳು ಬರುತ್ತವೆ. ಅಂಥ ದಿನ ನಿಮ್ಮದಾಗಬೇಕು ಅಂದರೆ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ತೋಪಿನಲ್ಲಿರಬೇಕು. ಮಂಜು ಹಿಂದಿನ ಮರಗಳನ್ನು ಅಳಿಸಿ ಒಂದೊಂದೇ ಮರವನ್ನು ಬಿಡಿಸಿ ಕೊಡುತ್ತೆ. ಉಳಿದ ದಿನಗಳಲ್ಲಿ ಒಂದರ ಮೇಲೊಂದು ಬಿದ್ದು ಗಜಿಬಿಜಿ ಕಾಣುವ ಕೊಂಬೆಗಳು ಅವತ್ತು ಸ್ಪಷ್ಟ. ಫೋನು ಮಂಜನ್ನು ಬೂದು ಬಣ್ಣ ಮಾಡುತ್ತೆ, ಬೆಳಕು ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ. ಸೂರ್ಯ ಮೇಲೆ ಬಂದು ಮಂಜು ಕರಗುವ ಸ್ವಲ್ಪ ಹೊತ್ತಿನಲ್ಲಿ ಕೊಂಬೆಗಳ ಮಧ್ಯೆ ಬೆಳಕಿನ ಕೋಲು ಇಳಿಯುತ್ತೆ. ಹುಲ್ಲಿನ ಮೇಲಿನ ಜೇಡರ ಬಲೆಗೆ ಹನಿ ಕಟ್ಟಿರುತ್ತೆ. ಇದು ಅವರೆಕಾಯಿ ಕಾಲವೂ ಹೌದು. ವಾಪಸ್ ಹೋಗುವಾಗ ದಾರಿಬದಿಯಲ್ಲಿ ಸೊಗಡಿನ ಅವರೆ ಸಿಕ್ಕರೆ ತೆಗೆದುಕೊಂಡು ಹೋಗಿ.

ಸಂಕ್ರಾಂತಿ ಕಳೆದ ಮೇಲೆ ಹಣ್ಣು. ಕಾಯಿ ಕಂದು ಬಣ್ಣಕ್ಕೆ ತಿರುಗಿ, ಸಿಪ್ಪೆ ಬಿಟ್ಟು ಅಲುಗಿಸಿದರೆ ಸದ್ದು ಮಾಡುತ್ತೆ. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಹಣ್ಣು ಇಳಿಸುವ ಕೆಲಸ. ಮರ ಹತ್ತಿ ಕೊಂಬೆ ಅಲುಗಿಸುತ್ತಾರೆ, ಉದ್ದ ಗಳದಿಂದ ಬಡಿಯುತ್ತಾರೆ, ಕೆಳಗೆ ಆಯುತ್ತಾರೆ. ನನಗೆ ಇಡೀ ವರ್ಷದಲ್ಲಿ ತುಂಬಾ ಇಷ್ಟದ ದಿನಗಳು ಇವು. ಮರ ಎಷ್ಟು ದೊಡ್ಡದು ಅಂತ ಫೋಟೋದಲ್ಲಿ ಗೊತ್ತಾಗುವುದು ಅದರ ಮೇಲೆ ಒಬ್ಬ ಮನುಷ್ಯ ಇದ್ದಾಗಲೇ. ಮರದ ನೇರ ಕೆಳಗೆ ನಿಲ್ಲಬೇಡಿ. ಮರ ಹತ್ತಿದವರನ್ನು ಕೂಗಿ ಈ ಕಡೆ ನೋಡಿ ಅನ್ನಬೇಡಿ. ಅವರ ಗಮನ ತಪ್ಪಬಾರದು.

ಯಾವ ಕಾಲವೇ ಆಗಲಿ, ಸಂಜೆಗೊಮ್ಮೆ ಬನ್ನಿ. ಕತ್ತಲಾಗುವ ಹೊತ್ತಿಗೆ ಹುಣಸೆ ಎಲೆಗಳು ಮಡಚಿಕೊಳ್ಳುತ್ತವೆ. ಮಧ್ಯಾಹ್ನ ತುಂಬಿಕೊಂಡಿದ್ದ ಮರ ತೆಳುವಾಗಿ, ಎಲೆಯ ಸಂದಿಯಲ್ಲಿ ಆಕಾಶ ಕಾಣತೊಡಗುತ್ತೆ. ಮಧ್ಯಾಹ್ನ ಒಂದು, ಎಲೆ ಮಡಚಿದ ಮೇಲೆ ಒಂದು, ಅದೇ ಕೊಂಬೆಯ ಎರಡು ಫೋಟೋ ತೆಗೆದು ಮಕ್ಕಳಿಗೆ ತೋರಿಸಿ. ಹುಣಸೆ ಮರದ ಕೆಳಗೆ ರಾತ್ರಿ ಮಲಗಬಾರದು ಅಂತ ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ದೆವ್ವದ ಕಥೆಗಳನ್ನೂ ಆಗಲೇ ಹೇಳಬಹುದು.

ಊರಿನವರ ಜೊತೆ

ತೋಪು ಊರಿನವರದ್ದು. ಕುರಿ ಕಾಯುವ ತಾತ ಸಿಕ್ಕರೆ ಮೊದಲು ನಮಸ್ಕಾರ ಹೇಳಿ, ಯಾಕೆ ಬಂದಿದ್ದೀರಿ ಅಂತ ಹೇಳಿ. "ತಾತ, ಒಂದು ಫೋಟೋ ತೆಗೀಲಾ?" ಅಂತ ಕೇಳಿ, ಬೇಡ ಅಂದರೆ ಬಿಟ್ಟುಬಿಡಿ. ಹಣ್ಣು ಆಯುವ ಹೆಂಗಸರ ಹತ್ತಿರ ಫೋನು ಎತ್ತುವ ಮೊದಲು ಕೇಳಲೇಬೇಕು. ದೇವರ ಕಲ್ಲಿನ ಹತ್ತಿರ ಚಪ್ಪಲಿ ಬಿಡಿ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಂಥ ಕಡೆ ಹೋಗುವವರಂತೂ ಕಾಡಿನ ಒಳಗೆ ಕಾಲಿಡುವ ಮೊದಲೇ ಊರಿನವರನ್ನು ಕೇಳಬೇಕು. ಕೆಲವು ಕಾಡಿಗೆ ಹಬ್ಬದ ದಿನ ಬಿಟ್ಟು ಯಾರೂ ಹೋಗುವುದಿಲ್ಲ.

ಡ್ರೋನ್ ತರಬೇಡಿ. ವಿಮಾನ ನಿಲ್ದಾಣದ ಕಡೆಯ ಆಕಾಶಕ್ಕೆ ನಿಯಮ ಬಿಗಿ, ಗೂಡಿನಲ್ಲಿರುವ ಹಕ್ಕಿಗಳಿಗೂ ತೊಂದರೆ. ಹಾಲಕ್ಕಿ ಗೂಡು ಕಂಡರೆ ದೂರದಿಂದ ನೋಡಿ. ಫ್ಲ್ಯಾಶ್ ಹಾಕಬೇಡಿ, ಯಾವ ಮರ ಅಂತ ಎಲ್ಲೂ ಹಾಕಬೇಡಿ.

ದಾಖಲೆ ಇಟ್ಟುಕೊಳ್ಳುವುದು

ಮನೆಗೆ ಬಂದ ದಿನವೇ ಫೋಟೋಗಳಿಗೆ ಹೆಸರು ಕೊಡಿ. ವರ್ಷ, ತಿಂಗಳು, ದಿನ, ಆಮೇಲೆ ಮರದ ಸಂಖ್ಯೆ, ಈ ಕ್ರಮದಲ್ಲಿ ಬರೆದರೆ ಕಂಪ್ಯೂಟರಿನಲ್ಲಿ ತಾನಾಗೇ ಸಾಲಾಗಿ ನಿಲ್ಲುತ್ತೆ. ಒಂದು ನೋಟ್‌ಬುಕ್ ಇರಲಿ. ಚಿಗುರು, ಬಲಿತ ಎಲೆ, ಮೊಗ್ಗು, ಹೂವು, ಕಾಯಿ, ಹಣ್ಣು, ಒಂದೊಂದಕ್ಕೂ ಇಲ್ಲ, ಸ್ವಲ್ಪ, ತುಂಬಾ ಅಂತ ಬರೆದರೆ ಸಾಕು. ದೇಶದ ಮರಗಳ ಋತುಚಕ್ರ ದಾಖಲಿಸುವ ಸೀಸನ್‌ವಾಚ್ ಯೋಜನೆಯಲ್ಲಿಯೂ ಹೀಗೇ ಬರೆಯುವುದು. ಅದರಲ್ಲಿ ಹುಣಸೆ ಮರವೂ ಇದೆ. ನಿಮ್ಮ ಮರವನ್ನು ಅಲ್ಲಿ ನೋಂದಾಯಿಸಿ, ನೋಡಿದ್ದನ್ನು ಸೇರಿಸಬಹುದು. ಅಲ್ಲಿ ವಾರಕ್ಕೊಮ್ಮೆ ನೋಡಿ ಎನ್ನುತ್ತಾರೆ. ಅದಕ್ಕೆ ಮನೆ ಹತ್ತಿರದ ಒಂದು ಹುಣಸೆ ಮರ ಆರಿಸಿಕೊಳ್ಳುವುದೇ ವಾಸಿ, ನಲ್ಲೂರಿಗೆ ತಿಂಗಳಿಗೊಮ್ಮೆ ಬನ್ನಿ.

ಒಂದು ವರ್ಷ ತುಂಬಿದ ಮೇಲೆ ಒಂದೇ ಮರದ ಫೋಟೋಗಳನ್ನು ಸಾಲಾಗಿ ಜೋಡಿಸಿ. ಎಲ್ಲವೂ ಒಂದೇ ಜಾಗದಿಂದ ತೆಗೆದದ್ದಾದರೆ ಯಾವ ಕೊಂಬೆ ಹೋಯ್ತು, ಲಂಟಾನ ಎಷ್ಟು ಮುಂದೆ ಬಂತು ಅಂತ ಯಾರು ಬೇಕಾದರೂ ಒಂದೇ ನೋಟಕ್ಕೆ ಹೇಳಬಹುದು. ಹಾಗೆ ಕಂಡದ್ದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಇರುತ್ತೆ, ಊರಿನ ಗಿಡ ಮರ ಪ್ರಾಣಿಗಳ ದಾಖಲಾತಿ ಪುಸ್ತಕ ಇಡುವುದು ಅವರ ಕೆಲಸ. ದಿನಾಂಕ ಸಮೇತ ಒಂದು ಪ್ರತಿ ಅವರಿಗೆ ಕೊಡಿ. ಇನ್ನೊಂದು ಪ್ರತಿ ಊರಿನ ಶಾಲೆಗೆ. ಮತ್ತೆ ಯಾರ ಫೋಟೋ ತೆಗೆದಿದ್ದಿರೋ ಅವರಿಗೆ ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಮುಂದಿನ ಸಲ ಹೋಗುವಾಗ ತೆಗೆದುಕೊಂಡು ಹೋಗಿ. ಹಿಂದೆ ದಿನಾಂಕ ಬರೆಯುವುದು ಮರೆಯಬೇಡಿ.